ಎದುರಿಗೆ ಕೂತವರ ಮುಖ ಬಿಗಿಯುವ ಮುಂಚೆ

ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ‘ಅತ್ತೆ’ ಅಂತ ಹೆಸರಿಟ್ಟ ಒಂದು ಫೋಲ್ಡರ್ ಇದೆ. ಅದರಲ್ಲಿ 64 ಫೋಟೋಗಳಿವೆ. ಹೆಚ್ಚಿನವುಗಳಲ್ಲಿ ಅತ್ತೆ ನನಗೆ ಗೊತ್ತಿರುವ ಅತ್ತೆಯ ಥರ ಇಲ್ಲ. ತುಟಿ ಬಿಗಿದಿದೆ, ಭುಜ ಮೇಲೆದ್ದಿದೆ, ಕಣ್ಣು ಪರೀಕ್ಷೆಗೆ ಕೂತವರ ಹಾಗಿದೆ. ಕೊನೆಯ ಒಂದರಲ್ಲಿ ಮಾತ್ರ ಅವರು ನಗುತ್ತಿದ್ದಾರೆ. ಆದರೆ ಅದರಲ್ಲಿ ಕೈ ಬಾಯಿಗೆ ಅಡ್ಡ ಬಂದಿದೆ. ಅವರ ಮುಂದಿನ ಎರಡು ಹಲ್ಲು ಬಿದ್ದಿದ್ದವು. ನಗು ಬಂದಾಗಲೆಲ್ಲ ಕೈ ಅಡ್ಡ ಹಿಡಿಯುವುದು ಅಭ್ಯಾಸವಾಗಿಬಿಟ್ಟಿತ್ತು.

ಅದು ನಾನು ‘ಇವತ್ತು ಪೋರ್ಟ್ರೇಟ್ ತೆಗೆಯಬೇಕು’ ಅಂತಲೇ ಕೂತು ತೆಗೆದ ಮೊದಲ ಸಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮುಕ್ಕಾಲು ಗಂಟೆ ಕ್ಯಾಮೆರಾದ ಜೊತೆ ಗುದ್ದಾಡಿದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಬದಲಾಯಿಸಿದೆ, ಲೆನ್ಸ್ ಬದಲಾಯಿಸಿದೆ, ಕುರ್ಚಿ ಆ ಕಡೆ ಈ ಕಡೆ ಎಳೆದೆ. ನಡುನಡುವೆ ಅವರು ‘ಆಯ್ತೇನೋ?’ ಅಂತ ಕೇಳುತ್ತಿದ್ದರು. ಕೊನೆಗೆ ‘ಆಯ್ತತ್ತೆ’ ಎಂದು ಕ್ಯಾಮೆರಾ ಇಳಿಸಿದೆ. ಅವರು ‘ಅಬ್ಬಾ’ ಅಂತ ಉಸಿರು ಬಿಟ್ಟು ನಕ್ಕರು. ನನ್ನ ಬೆರಳು ಇನ್ನೂ ಬಟನ್ ಮೇಲೇ ಇತ್ತು. ಒತ್ತಿದೆ.

ಆ ರಾತ್ರಿ 64 ಫೋಟೋಗಳನ್ನೂ ಸಾಲಾಗಿ ಇಟ್ಟು ನೋಡಿದೆ. ಮೊದಲ ನಾಲ್ಕೈದರಲ್ಲಿ ಅತ್ತೆಯ ಮುಖ ಸಡಿಲವಾಗೇ ಇತ್ತು. ಆಗ ಬೆಳಕು ಸರಿಯಿರಲಿಲ್ಲ. ನಾನು ಬೆಳಕನ್ನು ಸರಿ ಮಾಡುತ್ತಾ ಹೋದ ಹಾಗೆ ಅವರ ಮುಖ ಬಿಗಿಯುತ್ತಾ ಹೋಗಿತ್ತು. ಬೆಳಕು ಚೆನ್ನಾಗಿ ಬರುವ ಹೊತ್ತಿಗೆ ಅವರು ಅಲ್ಲಿರಲೇ ಇಲ್ಲ. ಆರು ವರ್ಷಗಳಿಂದ ಪೋರ್ಟ್ರೇಟ್ ತೆಗೆಯುತ್ತಿದ್ದೇನೆ. ಆಮೇಲೆ ಕಲಿತದ್ದೆಲ್ಲ ಆ ರಾತ್ರಿ ಕಂಡದ್ದರ ಸುತ್ತಲೇ ಇದೆ: ಎದುರಿಗಿರುವವರನ್ನು ಕಾಯಿಸಬಾರದು. ಕ್ಯಾಮೆರಾದ ಕೆಲಸ ಎಷ್ಟಿದ್ದರೂ ಅವರು ಬಂದು ಕೂರುವ ಮುಂಚೆಯೇ ಮುಗಿದಿರಬೇಕು.

1839ರಲ್ಲಿ ಡಾಗೆರೋಟೈಪ್ ಅನ್ನುವ ಹಳೆಯ ಫೋಟೋ ವಿಧಾನ ಬಂದ ಹೊಸದರಲ್ಲಿ ಒಂದು ಫೋಟೋಗೆ ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಿತ್ತಂತೆ. ಮುಂದೆ ಆ ಸಮಯ ಸೆಕೆಂಡುಗಳಿಗೆ ಇಳಿದ ಮೇಲೂ ಸ್ಟುಡಿಯೋಗಳಲ್ಲಿ ತಲೆಯ ಹಿಂದೆ ಕಬ್ಬಿಣದ ಆಸರೆ ಕೊಟ್ಟು ಕೂರಿಸುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಯಾರೂ ಅಷ್ಟಾಗಿ ನಗದೇ ಇರುವುದಕ್ಕೆ ಅದೂ ಒಂದು ಕಾರಣ. ಈಗ ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕು. ಆದರೂ ನಾನು ಅತ್ತೆಯನ್ನು ಮುಕ್ಕಾಲು ಗಂಟೆ ಕೂರಿಸಿದ್ದೆ.

ಈಗ ನಾನು ಮಾಡುವುದು ಹೀಗೆ. ಯಾರೂ ಬರುವ ಮುಂಚೆ ಕಿಟಕಿಯ ಹತ್ತಿರ ನಿಂತು ನನ್ನದೇ ಮುಷ್ಟಿ ಎತ್ತಿ ಹಿಡಿಯುತ್ತೇನೆ. ಮುಷ್ಟಿ ಒಂದು ಪುಟ್ಟ ಮುಖ ಇದ್ದ ಹಾಗೆ. ಬೆರಳಿನ ಗೆಣ್ಣುಗಳೇ ಮೂಗು, ಕೆನ್ನೆ, ಹಣೆ. ಅದನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ನೆರಳು ಎಲ್ಲಿ ಗಡುಸಾಗಿ ಬೀಳುತ್ತೆ, ಎಲ್ಲಿ ಮೆತ್ತಗಾಗುತ್ತೆ ಅನ್ನುವುದು ಕಣ್ಣಿಗೇ ಕಾಣುತ್ತೆ. ಚೆನ್ನಾಗಿ ಕಂಡ ಜಾಗದಲ್ಲಿ ಕುರ್ಚಿ ಇಡುತ್ತೇನೆ. ನನಗೆ ಇಷ್ಟವಾಗುವುದು ಕಿಟಕಿ ಮುಖದ ಒಂದು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ಇರುವ ಜಾಗ. ಆಗ ಬೆಳಕಿನ ಕಡೆಯ ಕೆನ್ನೆ ಪೂರ್ತಿ ಕಾಣುತ್ತೆ, ಇನ್ನೊಂದು ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಒಂದು ಸಣ್ಣ ತ್ರಿಕೋನದಷ್ಟು ಬೆಳಕು ಬೀಳುತ್ತೆ. ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನಲ್ಲಿ ಕರೆಯುವುದು ಈ ಬೆಳಕನ್ನೇ.

ನೇರ ಬಿಸಿಲು ಬೀಳುವ ಕಿಟಕಿಯಾದರೆ ತೆಳು ಬಿಳಿ ಪರದೆ ಎಳೆಯುತ್ತೇನೆ. ಕೋಣೆಯ ದೀಪಗಳನ್ನೆಲ್ಲ ಆರಿಸುತ್ತೇನೆ. ಇದನ್ನು ತುಂಬ ಜನ ಮರೆಯುತ್ತಾರೆ. ಕಿಟಕಿಯ ಬೆಳಕಿನ ಬಣ್ಣ ಬೇರೆ, ಬಲ್ಬಿನ ಬೆಳಕಿನ ಬಣ್ಣ ಬೇರೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಹಳದಿ ಆಗಿಬಿಡುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡೋಣ ಅಂದರೆ ಒಂದನ್ನು ಸರಿ ಮಾಡಿದಾಗ ಇನ್ನೊಂದು ಕೆಡುತ್ತೆ. ನೆರಳಿನ ಕಡೆ ತೀರಾ ಕಪ್ಪಾದರೆ ಒಂದು ಬಿಳಿ ಥರ್ಮೊಕೋಲ್ ಹಾಳೆಯನ್ನು ಆ ಪಕ್ಕಕ್ಕೆ ಒರಗಿಸಿ ಇಡುತ್ತೇನೆ. ಬಿಳಿ ಬಟ್ಟೆಯಾದರೂ ಆದೀತು.

ಕಿಟಕಿಯಿಂದ ಎಷ್ಟು ದೂರ ಕೂರಿಸುತ್ತೇವೆ ಅನ್ನುವುದೂ ಮುಖ್ಯ. ಕಿಟಕಿಯ ಪಕ್ಕದಲ್ಲೇ ಕೂತರೆ ಬೆಳಕು ಮೃದುವಾಗಿ ಮುಖವನ್ನು ಸುತ್ತಿಕೊಳ್ಳುತ್ತೆ, ಹಿಂದಿನ ಗೋಡೆ ತಾನಾಗಿ ಕತ್ತಲಾಗುತ್ತೆ. ಕೋಣೆಯ ಒಳಕ್ಕೆ ಹೋದ ಹಾಗೆ ಮುಖ ಮತ್ತು ಗೋಡೆ ಹೆಚ್ಚು ಕಡಿಮೆ ಒಂದೇ ಥರ ಆಗಿಬಿಡುತ್ತವೆ. ಹಿನ್ನೆಲೆಗೆ ಕಪ್ಪು ಬಟ್ಟೆ ಬೇಕು ಅಂತ ನಾನು ಎಷ್ಟೋ ದಿನ ಹುಡುಕುತ್ತಿದ್ದೆ. ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದಿದ್ದರೆ ಸಾಕಿತ್ತು.

ಆ ಜಾಗದಲ್ಲಿ ನನ್ನ ಅಂಗೈಯನ್ನೇ ಹಿಡಿದು ಒಂದೆರಡು ಫೋಟೋ ತೆಗೆದು ಎಕ್ಸ್‌ಪೋಶರ್ (ಫೋಟೋ ಎಷ್ಟು ಬೆಳ್ಳಗೆ ಬರುತ್ತೆ ಅನ್ನುವುದು) ನೋಡಿ, ಕ್ಯಾಮೆರಾ ತಾನಾಗಿ ಬದಲಾಯಿಸದ ಹಾಗೆ ಮ್ಯಾನುವಲ್ ಮೋಡಿನಲ್ಲಿ ನಿಲ್ಲಿಸಿಬಿಡುತ್ತೇನೆ. ಕೂತವರ ಮೈಬಣ್ಣ ನೋಡಿ ಸ್ವಲ್ಪ ತಿದ್ದಬೇಕಾಗಬಹುದು, ಅಷ್ಟೇ. ಕ್ಯಾಮೆರಾ ತಾನಾಗಿ ಅಳೆಯುವಾಗ ಎದುರಿಗಿರುವುದೆಲ್ಲ ಮಧ್ಯಮ ಬೂದು ಬಣ್ಣ ಅಂತ ಅಂದುಕೊಳ್ಳುತ್ತೆ. ಹಾಗಾಗಿ ಬಿಳಿ ಗೋಡೆಯ ಮುಂದೆ ಕಪ್ಪು ಮೈಬಣ್ಣದವರು ಕೂತರೆ ಅವರ ಮುಖವನ್ನು ಇನ್ನೂ ಕಪ್ಪಾಗಿಸುತ್ತೆ. ನನ್ನ ಒಬ್ಬ ಗೆಳೆಯ ‘ನನ್ನ ಫೋಟೋ ಯಾವತ್ತೂ ಚೆನ್ನಾಗಿ ಬರಲ್ಲ ಬಿಡು’ ಅಂತ ಚಿಕ್ಕಂದಿನಿಂದ ನಂಬಿಕೊಂಡಿದ್ದ. ತಪ್ಪು ಅವನ ಮುಖದ್ದಲ್ಲ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವ ಹಾಗೆ, ಏರಿಸಿ ತೆಗೆದು ತೋರಿಸಿದಾಗ ಅವನು ಮಾತಾಡದೆ ಫೋಟೋವನ್ನೇ ನೋಡುತ್ತಾ ಕೂತಿದ್ದ. ಎಷ್ಟು ಜನ ಹೀಗೆ ತಮ್ಮ ಮುಖವನ್ನೇ ದೂರಿಕೊಂಡು ಬದುಕುತ್ತಿರಬಹುದು ಅಂತ ನನಗೆ ಈಗಲೂ ಬೇಸರವಾಗುತ್ತೆ.

ಲೆನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನ ಬಳಿ ಇರುವುದು 50 ಎಂಎಂ, ಎಫ್ 1.8. ನನ್ನದು ಸಣ್ಣ ಸೆನ್ಸರಿನ ಕ್ಯಾಮೆರಾ, ಹಾಗಾಗಿ ಅದು 75-80 ಎಂಎಂ ಲೆನ್ಸಿನ ಹಾಗೆ ಸ್ವಲ್ಪ ಹತ್ತಿರಕ್ಕೆ ಎಳೆದು ತೋರಿಸುತ್ತೆ. ಪೋರ್ಟ್ರೇಟಿಗೆ ಅದು ಸಾಕು. ಮುಖ್ಯವಾದದ್ದು ದೂರ. ತೀರಾ ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಹೋದ ಹಾಗೆ ಕಾಣುತ್ತೆ. ಮೊಬೈಲಿನ ಸೆಲ್ಫಿಯಲ್ಲಿ ಆಗುವುದು ಇದೇ. ಅದು ಲೆನ್ಸಿನ ದೋಷ ಅಂತ ನಾನು ತಿಳಿದಿದ್ದೆ. ಹತ್ತಿರ ಇರುವುದೇ ಅದಕ್ಕೆ ಕಾರಣ. ಒಂದೂವರೆ ಎರಡು ಮೀಟರ್ ಹಿಂದೆ ಸರಿದರೆ ಮುಖ ನಮ್ಮ ಕಣ್ಣಿಗೆ ಕಾಣುವ ಹಾಗೇ ಬರುತ್ತೆ. ಎದುರಿಗಿರುವವರಿಗೂ ಉಸಿರಾಡಲು ಜಾಗ ಸಿಗುತ್ತೆ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಪೂರ್ತಿ ತೆರೆದು ಹಿನ್ನೆಲೆ ಮಸುಕು ಮಾಡುವ ಹುಚ್ಚು ನನಗೂ ಒಂದು ವರ್ಷ ಇತ್ತು. ಈ ಲೆನ್ಸಿನಲ್ಲಿ ಎಫ್ 1.8 ಇಟ್ಟು ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಮೂರು ಸೆಂಟಿಮೀಟರ್. ಮುಖ ಸ್ವಲ್ಪ ತಿರುಗಿದ್ದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಈಗ ಎಫ್ 2.8 ಅಥವಾ 4ಕ್ಕೆ ಇಡುತ್ತೇನೆ. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬರುವ ಹೊತ್ತು, ಸೆಕೆಂಡಿನ 1/200ಕ್ಕಿಂತ ನಿಧಾನ ಮಾಡುವುದಿಲ್ಲ, ಯಾಕಂದರೆ ನನಗೆ ಮಾತಾಡುತ್ತಿರುವ ಮುಖ ಬೇಕು. ಅದಕ್ಕೆ ಐಎಸ್‌ಒ 1600 ಆದರೂ ಸರಿ. ಫೋಟೋದಲ್ಲಿ ಸ್ವಲ್ಪ ಕಾಳುಕಾಳು ಬಂದರೆ ಯಾರಿಗೂ ತೊಂದರೆಯಿಲ್ಲ.

ಇಷ್ಟೂ ಮುಗಿದ ಮೇಲೆ ಅವರನ್ನು ಕರೆಯುತ್ತೇನೆ.

ಕೂತ ಕೂಡಲೇ ಎಲ್ಲರೂ ಒಂದು ಕೆಲಸ ಮಾಡುತ್ತಾರೆ. ಉಸಿರು ಹಿಡಿಯುತ್ತಾರೆ. ಅವರಿಗೇ ಗೊತ್ತಿರುವುದಿಲ್ಲ. ಉಸಿರು ಹಿಡಿದಾಗ ಭುಜ ಏರುತ್ತೆ, ಕತ್ತು ಗಿಡ್ಡವಾಗುತ್ತೆ, ದವಡೆ ಬಿಗಿಯುತ್ತೆ. ಆ ಹೊತ್ತಿಗೆ ‘ಆರಾಮಾಗಿರಿ’ ಅಂದರೆ ಇನ್ನೂ ಬಿಗಿಯಾಗುತ್ತಾರೆ. ನಾನೂ ಮಾಡಿ ನೋಡಿದೆ. ‘ಆರಾಮಾಗಿರು’ ಅನ್ನುವುದು ‘ನಿದ್ದೆ ಮಾಡು’ ಅಂತ ಗದರಿದ ಹಾಗೆ. ಅದರ ಬದಲು ‘ಒಂದ್ಸಲ ಜೋರಾಗಿ ಉಸಿರು ತಗೊಂಡು ಬಿಡಿ, ನಾನೂ ಬಿಡ್ತೀನಿ’ ಅನ್ನುತ್ತೇನೆ. ಇಬ್ಬರೂ ಬಿಡುತ್ತೇವೆ. ಉಸಿರು ಪೂರ್ತಿ ಹೊರಗೆ ಹೋಗಿ ಮುಂದಿನದು ಒಳಗೆ ಬರುವ ಮುಂಚೆ ಒಂದು ಕ್ಷಣ ಇರುತ್ತಲ್ಲ, ಆಗ ಮುಖದಲ್ಲಿ ಯಾವ ತಯಾರಿಯೂ ಇರುವುದಿಲ್ಲ. ನನ್ನ ಒಳ್ಳೆಯ ಫೋಟೋಗಳಲ್ಲಿ ಅರ್ಧ ಆ ಕ್ಷಣದ್ದು.

‘ನಗಿ’ ಅಂತ ಹೇಳುವುದನ್ನು ಪೂರ್ತಿ ಬಿಟ್ಟಿದ್ದೇನೆ. ಹೇಳಿ ನಗಿಸಿದಾಗ ಬಾಯಿ ಮಾತ್ರ ನಗುತ್ತೆ. ಡುಶೆನ್ ಎಂಬ ಫ್ರೆಂಚ್ ವೈದ್ಯ 1862ರಲ್ಲೇ ಇದನ್ನು ಬರೆದಿಟ್ಟಿದ್ದ. ತುಟಿಯ ಮೂಲೆಯನ್ನು ಬೇಕೆಂದಾಗ ಎತ್ತಬಹುದು, ಆದರೆ ಕಣ್ಣಿನ ಸುತ್ತ ಇರುವ ಸ್ನಾಯು ನಿಜವಾದ ಖುಷಿಗೆ ಮಾತ್ರ ಮಣಿಯುತ್ತೆ ಅಂತ. ಹಾಗಾಗಿ ನಾನು ಮಾತಾಡಿಸುತ್ತೇನೆ. ‘ಹೇಗಿದ್ದೀರಾ’ ಥರದ ಪ್ರಶ್ನೆ ಉಪಯೋಗಕ್ಕೆ ಬರಲ್ಲ. ಅವರಿಗೆ ಚೆನ್ನಾಗಿ ಗೊತ್ತಿರುವ, ನನಗೆ ನಿಜವಾಗಿ ಗೊತ್ತಿಲ್ಲದ ಏನನ್ನಾದರೂ ಕೇಳುತ್ತೇನೆ. ಒಬ್ಬ ದರ್ಜಿಯನ್ನು ಕೇಳಿದೆ, ಕಾಲರ್ ಮೂಲೆಯನ್ನು ಅಷ್ಟು ಚೂಪಾಗಿ ಹೇಗೆ ತಿರುಗಿಸ್ತೀರಿ ಅಂತ. ಅವರು ಕೈಯಲ್ಲೇ ತೋರಿಸುತ್ತಾ ಹೇಳಲು ಶುರು ಮಾಡಿದರು. ಹೇಳಿ ಮುಗಿಸಿ, ‘ಅಷ್ಟೇ ನೋಡಿ’ ಅಂತ ನನ್ನ ಕಡೆ ನೋಡಿದ ಮುಖ ನನ್ನ ಗೋಡೆಯ ಮೇಲಿದೆ.

ಇಲ್ಲಿ ಒಂದು ಪ್ರಸಿದ್ಧ ಫೋಟೋ ನೆನಪಾಗುತ್ತೆ. 1941ರಲ್ಲಿ ಕೆನಡಾದ ಸಂಸತ್ ಭವನದಲ್ಲಿ ಫೋಟೋಗ್ರಾಫರ್ ಯೂಸುಫ್ ಕಾರ್ಶ್, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಅವರ ಫೋಟೋ ತೆಗೆಯುವಾಗ ಅವರ ಬಾಯಲ್ಲಿದ್ದ ಸಿಗಾರನ್ನೇ ಕಿತ್ತುಕೊಂಡರು. ಚರ್ಚಿಲ್ ಸಿಡುಕಿ ನೋಡಿದರು, ಆ ಸಿಡುಕೇ ಜಗತ್ಪ್ರಸಿದ್ಧವಾಯಿತು. ಚಿತ್ರ ನಿಜಕ್ಕೂ ದೊಡ್ಡದು. ಆದರೆ ನನ್ನಂಥ ಹವ್ಯಾಸಿಗೆ ಅದು ದಾರಿಯಲ್ಲ ಅಂತ ನನ್ನ ಅಭಿಪ್ರಾಯ. ನನ್ನೆದುರು ಕೂರುವವರು ನನ್ನನ್ನು ನಂಬಿ ಬಂದವರು. ಅವರಿಂದ ಏನನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಕಿತ್ತುಕೊಳ್ಳುವ ಬದಲು ಏನಾದರೂ ಕೈಗೆ ಕೊಡಬಹುದು. ನಮ್ಮಪ್ಪ ಕ್ಯಾಮೆರಾ ಕಂಡರೆ ಎದ್ದು ಹೋಗುವವರು. ಅವರ ಹಳೆಯ ರೇಡಿಯೋದ ಗುಂಡಿ ಸಡಿಲವಾಗಿತ್ತು. ‘ಅಪ್ಪಾ, ಕಿಟಕಿ ಹತ್ರ ಬೆಳಕಿದೆ, ಇಲ್ಲೇ ಕೂತು ರಿಪೇರಿ ಮಾಡಿ, ನಾನು ಫೋಟೋ ತೆಗೀತೀನಿ’ ಅಂದೆ. ಕದ್ದು ತೆಗೆಯಲಿಲ್ಲ, ಹೇಳಿಯೇ ತೆಗೆದೆ. ಮೊದಲು ಕೆಲವು ಸಲ ತಲೆ ಎತ್ತಿ ನೋಡಿದರು. ಆಮೇಲೆ ಸ್ಕ್ರೂ ಅವರ ಗಮನವನ್ನೆಲ್ಲ ಎಳೆದುಕೊಂಡಿತು. ಕೈಗೆ ಕೆಲಸವಿದ್ದರೆ ಮುಖ ತನ್ನ ಪಾಡಿಗೆ ತಾನಿರುತ್ತೆ. ಅವರು ಕನ್ನಡಕ ಹಾಕಿದ್ದರು, ಗಾಜಿನಲ್ಲಿ ಇಡೀ ಕಿಟಕಿ ಕಾಣುತ್ತಿತ್ತು. ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಚೂರು ಮೇಲೆತ್ತಿಸಿದೆ. ಗಾಜು ಕೆಳಗೆ ವಾಲಿ ಹೊಳಪು ಮಾಯವಾಯಿತು. ಕನ್ನಡಕ ತೆಗೆಸಿ ಫೋಟೋ ತೆಗೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಮೂವತ್ತು ವರ್ಷ ಹಾಕಿಕೊಂಡ ಕನ್ನಡಕ ಮುಖದ್ದೇ ಭಾಗ ಅಲ್ವಾ?

ತೆಗೆದ ಕೂಡಲೇ ತೋರಿಸುವುದನ್ನು ಮೊದಮೊದಲು ಒಳ್ಳೆಯ ಅಭ್ಯಾಸ ಅಂದುಕೊಂಡಿದ್ದೆ. ಆದರೆ ಪರದೆ ನೋಡಿದ ತಕ್ಷಣ ಜನ ತಮ್ಮನ್ನು ತಿದ್ದಿಕೊಳ್ಳಲು ಶುರು ಮಾಡುತ್ತಾರೆ. ‘ನಾನು ಹೀಗಿಲ್ಲ’ ಅನ್ನುತ್ತಾರೆ. ಅದರಲ್ಲೂ ಸತ್ಯ ಇದೆ. ಅವರು ದಿನಾ ನೋಡುವುದು ಕನ್ನಡಿಯ ಮುಖ, ಎಡಬಲ ತಿರುಗಿದ್ದು. ಒಂದು ಸಲ ಹಾಗೆ ಹೇಳಿದವರಿಗೆ ಅದೇ ಫೋಟೋವನ್ನು ಎಡಬಲ ತಿರುಗಿಸಿ ತೋರಿಸಿದೆ. ‘ಹ್ಞಾಂ, ಇದು ನಾನು’ ಅಂದರು. ಈಗ ಎಲ್ಲ ಮುಗಿದ ಮೇಲೆ ಒಟ್ಟಿಗೆ ಕೂತು ನೋಡುತ್ತೇವೆ. ಅವರು ಬೇಡ ಅಂದದ್ದನ್ನು ಅವರೆದುರೇ ಅಳಿಸುತ್ತೇನೆ. ನನಗೆ ಎಷ್ಟೇ ಇಷ್ಟವಾಗಿದ್ದರೂ ಸರಿ.

ಗುರುತಿಲ್ಲದವರನ್ನು ತೆಗೆಯುವಾಗಲೂ ಅಷ್ಟೇ. ಕ್ಯಾಮೆರಾ ಕೆಳಗಿಟ್ಟುಕೊಂಡು ಹೋಗಿ ಕೇಳುತ್ತೇನೆ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ, ನೆಲಕ್ಕೆ ಕೂತು ಅವರ ಕಣ್ಣಿನ ಮಟ್ಟಕ್ಕೆ ಬರುತ್ತೇನೆ. ಬೇಡ ಅಂದವರ ಹತ್ತಿರ ಎರಡನೇ ಸಲ ಕೇಳುವುದಿಲ್ಲ. ಪ್ರಿಂಟ್ ಕೊಡುತ್ತೇನೆ ಅಂತ ಮಾತು ಕೊಟ್ಟರೆ ಕೊಟ್ಟೇ ತೀರುತ್ತೇನೆ.

ಎಡಿಟಿಂಗಿನಲ್ಲಿ ಒಂದು ತಪ್ಪು ಮಾಡಿದ್ದೆ. ಗೆಳತಿಯೊಬ್ಬಳ ಫೋಟೋದಲ್ಲಿ ಕೆನ್ನೆಯ ಮೇಲಿನ ಮಚ್ಚೆ ಅಳಿಸಿ, ಚರ್ಮ ನುಣುಪು ಮಾಡಿ ಕಳಿಸಿದೆ. ಅವಳು ‘ನನ್ನ ಮಚ್ಚೆ ಎಲ್ಲಿ? ಅದು ಅಮ್ಮನಿಗೂ ಅಲ್ಲೇ ಇತ್ತು’ ಅಂದಳು. ಅವಳ ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವತ್ತೇ ಮಚ್ಚೆ ವಾಪಸ್ ತಂದು ಮತ್ತೆ ಕಳಿಸಿದೆ. ಅಂದಿನಿಂದ ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು, ಅಂದರೆ ಮೊಡವೆ, ಗೀರು, ಅಷ್ಟನ್ನು ಮಾತ್ರ ತೆಗೆಯುತ್ತೇನೆ. ಸುಕ್ಕು, ಮಚ್ಚೆ, ಹಳೆಯ ಗಾಯದ ಗುರುತು ಹಾಗೇ ಇರುತ್ತವೆ.

ಅತ್ತೆಯ ಆ 64ನೇ ಫೋಟೋವನ್ನು ಪ್ರಿಂಟ್ ಮಾಡಿಸಿ ಕೊಟ್ಟಿದ್ದೆ. ಕೈ ಅಡ್ಡ ಇದ್ದದ್ದನ್ನೇ. ಅದನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿಕೊಂಡಿದ್ದರು. ಕಳೆದ ಸಲ ಹೋದಾಗ ಅವರೇ, ‘ಇನ್ನೊಂದು ತೆಗಿ, ಈ ಸಲ ಕೈ ಇಲ್ಲದೇ ಇರಲಿ’ ಅಂದರು. ಹಲ್ಲು ಕಟ್ಟಿಸಿಕೊಂಡಿರಲಿಲ್ಲ. ಇನ್ನೂ ಒಂದು ಹಲ್ಲು ಹೋಗಿತ್ತು. ಅವರು ಒಳಗೆ ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಕಿಟಕಿಯ ಹತ್ತಿರ ಮುಷ್ಟಿ ಹಿಡಿದು ಬೆಳಕು ನೋಡಿದೆ, ದೀಪ ಆರಿಸಿದೆ, ಕುರ್ಚಿ ಇಟ್ಟೆ. ಬಂದು ಕೂತರು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಒಂಬತ್ತು ಫೋಟೋ ತೆಗೆದೆ. ‘ಇಷ್ಟು ಬೇಗ ಆಯ್ತೇನೋ?’ ಅಂದರು, ಎರಡೂ ಕೈ ಮಡಿಲಲ್ಲೇ ಇಟ್ಟುಕೊಂಡು.