ಕೆಂಚನ ಗಾಯ ಮಾಯಲು ಹಿಡಿದ ಒಂಬತ್ತು ವಾರ

ಔಷಧ ಹಚ್ಚತೊಡಗಿ ಹದಿನೆಂಟು ದಿನಗಳಾದರೂ ನಮ್ಮ ಬೆಕ್ಕು ಕೆಂಚನ ಹಿಂಗಾಲಿನ ಗಾಯ ಸ್ವಲ್ಪವೂ ಕೂಡಿಕೊಂಡಿರಲಿಲ್ಲ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಿತ್ತಲಿಗೆ ಬರುವ ಇನ್ನೊಂದು ಗಂಡು ಬೆಕ್ಕು ಕಚ್ಚಿದ್ದರಿಂದ ಅಲ್ಲಿ ಕೀವು ಕಟ್ಟಿತ್ತು. ವೈದ್ಯರು ಕೊಯ್ದು ಕೀವು ತೆಗೆದ ಮೇಲೂ ಗಾಯದ ಬಾಯಿ ತೆರೆದೇ ಇತ್ತು. ಹನ್ನೊಂದು ವರ್ಷದ, ಆರೂವರೆ ಕಿಲೋ ತೂಗುವ ಕೆಂಚ ಆ ದಿನಗಳಲ್ಲಿ ನೀರಿನ ಬಟ್ಟಲನ್ನು ಮತ್ತೆ ಮತ್ತೆ ಬರಿದು ಮಾಡುತ್ತಿದ್ದುದು ಮೇ ತಿಂಗಳ ಸೆಕೆಗೆ ಎಂದು ನಾನು ತಿಳಿದಿದ್ದೆ. ಆದರೆ ಪರೀಕ್ಷಿಸಿದಾಗ ರಕ್ತದ ಸಕ್ಕರೆ ಡೆಸಿಲೀಟರಿಗೆ 412 ಮಿಲಿಗ್ರಾಂ ಇತ್ತು. ಹೆದರಿದ ಬೆಕ್ಕಿನಲ್ಲಿ ಸಕ್ಕರೆ ತಾನಾಗಿಯೇ ಏರುವುದರಿಂದ ವೈದ್ಯರು ಮೂತ್ರವನ್ನೂ, ಕಳೆದ ಕೆಲವು ವಾರಗಳ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮೀನನ್ನೂ ನೋಡಿದ ಬಳಿಕವೇ ಸಕ್ಕರೆ ಕಾಯಿಲೆ ಎಂದು ಹೇಳಿದರು.

ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳು ಸೋಂಕನ್ನು ಸರಿಯಾಗಿ ಎದುರಿಸಲಾರವು. ಸೋಂಕು ಉಳಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಇನ್ನಷ್ಟು ಏರುತ್ತದೆ. ಇದು ಅರ್ಥವಾದ ದಿನದಿಂದ ಗಾಯದ ಅಳತೆಯನ್ನೂ ಸಕ್ಕರೆಯ ಅಂಕಿಯನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಟ್ಟೆ.

ಗ್ಲಾರ್ಜಿನ್ ಇನ್ಸುಲಿನ್ನನ್ನು ಹನ್ನೆರಡು ಗಂಟೆಗೊಮ್ಮೆ, ಒಂದು ಯೂನಿಟ್‌ನಂತೆ, ಊಟದ ಹೊತ್ತಿಗೆ ಚರ್ಮದಡಿಗೆ ಚುಚ್ಚಬೇಕಿತ್ತು. ನಮ್ಮ ಔಷಧ ಅಂಗಡಿಗಳಲ್ಲಿ ಎರಡು ಬಗೆಯ ಸಿರಿಂಜುಗಳು ಸಿಗುತ್ತವೆ: ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ನಿಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನದಕ್ಕೆ. ಗ್ಲಾರ್ಜಿನ್ 100ರದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದರ ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ ಯೂನಿಟ್. ಇಷ್ಟು ಚಿಕ್ಕ ಪ್ರಾಣಿಗೆ ಈ ತಪ್ಪು ಜೀವಕ್ಕೇ ಎರವಾಗಬಹುದು.

ಊಟದ ವಿಷಯದಲ್ಲಿ ನಾನೇ ತಪ್ಪಿದೆ. ವರ್ಷಗಳಿಂದ ಅನ್ನದಲ್ಲಿ ಬಂಗಡೆಯನ್ನೋ ತಾರ್ಲೆಯನ್ನೋ ಕಲಸಿ ಹಾಕುವುದು ನಮ್ಮ ಮನೆಯ ರೂಢಿ. ಆ ಅನ್ನವೇ ಸಕ್ಕರೆಯನ್ನು ಏರಿಸುತ್ತಿತ್ತು. ಜೂನ್ 1ರಿಂದ ಯಾಂತ್ರೀಕೃತ ಮೀನುಗಾರಿಕೆ ನಿಂತು ಮೀನು ವಿರಳವಾದಾಗ ವೈದ್ಯರಿಗೆ ತಿಳಿಸದೆ ಅನ್ನವನ್ನು ಪೂರ್ತಿ ಬಿಟ್ಟು ಬೇಯಿಸಿದ ಕೋಳಿಮಾಂಸ, ಮೊಟ್ಟೆ ಕೊಟ್ಟೆ. ಆಹಾರ ಬದಲಾದರೆ ಇನ್ಸುಲಿನ್ನಿನ ಅಗತ್ಯವೂ ಇಳಿಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಐದನೆಯ ದಿನ ಸಂಜೆ ಅವನು ತೂರಾಡುತ್ತ ಗೋಡೆಗೆ ಒರಗಿದ. ಕಿವಿಯಂಚಿನಿಂದ ತೆಗೆದ ರಕ್ತದ ಹನಿ 52 ತೋರಿಸಿತು. ಒಸಡಿಗೆ ಜೇನುತುಪ್ಪ ಸವರಿ, ಚೇತರಿಸಿಕೊಂಡ ಮೇಲೆ ಉಣಿಸಿ, ರಾತ್ರಿಯೇ ವೈದ್ಯರಿಗೆ ಫೋನ್ ಮಾಡಿದೆ. ಅವರು ಪ್ರಮಾಣವನ್ನು ಅರ್ಧ ಯೂನಿಟ್‌ಗೆ ಇಳಿಸಿದರು.

ಗಾಯಕ್ಕೆ ದಿನಕ್ಕೆರಡು ಬಾರಿ ಮಾಡುತ್ತಿದ್ದುದು ಸರಳವಾದ ಕೆಲಸ: ಔಷಧ ಅಂಗಡಿಯ 0.9 ಶೇಕಡಾ ಸಲೈನನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಸಿರಿಂಜಿನಿಂದ ಹರಿಸಿ ತೊಳೆಯುವುದು, ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸುವುದು, ವೈದ್ಯರು ಬರೆದುಕೊಟ್ಟ ಮುಲಾಮನ್ನು ತೆಳ್ಳಗೆ ಹಚ್ಚುವುದು. ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಮೂಡುತ್ತಿರುವ ಮಾಂಸವನ್ನೇ ಸುಡುತ್ತದೆಯಾದ್ದರಿಂದ ಅದನ್ನು ಬಳಸಲಿಲ್ಲ. ಪಕ್ಕದ ಮನೆಯ ಅಕ್ಕ ಪ್ರೀತಿಯಿಂದ ತಂದುಕೊಟ್ಟ ಡೆಟಾಲನ್ನೂ ಬದಿಗಿಟ್ಟೆ. ಅದರಲ್ಲಿರುವಂಥ ಫಿನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸುಲಭವಾಗಿ ಹೊರಹಾಕಲಾರದು, ನೆಕ್ಕಿದರಂತೂ ವಿಷ. ನೆಕ್ಕದಂತೆ ಕೊರಳಿಗೆ ಬಟ್ಟೆಯ ಪಟ್ಟಿ ಹಾಕಿ, ಮಳೆಗಾಲದ ನೊಣಗಳು ಮೊಟ್ಟೆಯಿಟ್ಟು ಹುಳುವಾಗದಂತೆ ಅವನನ್ನು ಜಾಲರಿ ಬಡಿದ ಕೋಣೆಯಲ್ಲೇ ಇರಿಸಿದೆ.

ಸಕ್ಕರೆ 250ರ ಒಳಗೆ ನಿಂತ ಎರಡನೆಯ ವಾರದಲ್ಲಿ ಗಾಯದ ತಳ ಬಿಳಿಚಿದ್ದು ಗುಲಾಬಿ ಬಣ್ಣಕ್ಕೆ ತಿರುಗಿತು. ಅಂದಿನ ಪುಟದಲ್ಲಿ ಗಾಯದ ಅಗಲ ಹದಿನೆಂಟು ಮಿಲಿಮೀಟರ್ ಎಂದಿದೆ. ಒಂಬತ್ತನೆಯ ವಾರದ ಪುಟದಲ್ಲಿ ಅಳತೆಯಿಲ್ಲ, ಗಾಯವಿದ್ದಲ್ಲಿ ಕೆಂಗೂದಲು ಚಿಗುರಿದೆ ಎಂದಷ್ಟೇ ಬರೆದಿದ್ದೇನೆ. ಅರ್ಧ ಯೂನಿಟ್ ಇನ್ಸುಲಿನ್ ಇನ್ನೂ ನಡೆದಿದೆ.