ಮೋಟರ್ ಚಕ್ರದ ಕಡ್ಡಿ ಪದೇ ಪದೇ ಮುರಿಯುತ್ತಿದ್ದರೆ

ಕ್ಯಾರಿಯರ್ ಮೇಲೆ ಹಾಲಿನ ಕ್ಯಾನ್, ಕೆಳಗೆ ಗುಂಡಿ ಬಿದ್ದ ನಾಲೆ ಏರಿ. ಮಂಡ್ಯದ ಸುತ್ತಮುತ್ತ ಇ-ಸೈಕಲ್ಲಿನ ಹಿಂದಿನ ಚಕ್ರ ದಿನಾ ಎರಡು ಹೊತ್ತು ಇದನ್ನು ತಡೆಯಬೇಕು. ಮುರಿದಾಗಲೆಲ್ಲ ಒಂದೊಂದೇ ಕಡ್ಡಿ ಹಾಕಿಸಿಕೊಂಡು ಓಡಿಸಿದರೆ ರಿಪೇರಿ ಮುಗಿಯುವುದಿಲ್ಲ. ಕಡ್ಡಿ ಎಲ್ಲಿ ತುಂಡಾಗಿದೆ ಎಂದು ಮೊದಲು ನೋಡಿ.

ಚಕ್ರದ ನಡುವಿನ ಹಬ್ ಪಕ್ಕ, ಬಾಗಿದ ಕುತ್ತಿಗೆಯಲ್ಲಿ ಹೋಗಿದ್ದರೆ ಬಹುತೇಕ ಕಡ್ಡಿ ಲೂಸ್ ಇತ್ತು. ಚಕ್ರ ಸುತ್ತುವಾಗ ಕೆಳಗೆ ಬಂದ ಕಡ್ಡಿಯ ಬಿಗಿ ಇಳಿಯುತ್ತದೆ, ಅಲ್ಲಿಂದ ದಾಟಿದರೆ ಮತ್ತೆ ಮೊದಲಿನಷ್ಟಾಗುತ್ತದೆ. ಮೊದಲೇ ಲೂಸ್ ಇದ್ದರೆ ಪ್ರತಿ ಸುತ್ತಿಗೂ ಕುತ್ತಿಗೆ ಆಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ.

ರಿಮ್ಮಿನ ಬಳಿ ಕಡ್ಡಿ ಬಿಗಿ ಮಾಡುವ ನಿಪ್ಪಲ್ ಹತ್ತಿರ ಹೋಗಿದ್ದರೆ ಚಕ್ರ ಕಟ್ಟಿದ ಕ್ರಮವೇ ತಪ್ಪಿರಬಹುದು. ಮಾಮೂಲಿ ಸೈಕಲ್ಲಿನ ಹಬ್ ಸಣ್ಣದು, ಅದಕ್ಕೆ ಮೂರು ಕ್ರಾಸ್ (ಒಂದು ಕಡ್ಡಿ ಅದೇ ಬದಿಯ ಮೂರು ಕಡ್ಡಿಗಳನ್ನು ದಾಟುವ ಕಟ್ಟು) ಸರಿ. ಮೋಟರ್ ಹಬ್, ಅಂದರೆ ಒಳಗೆ ಮೋಟರ್ ಇರುವ ಹಬ್, ತಟ್ಟೆಯಷ್ಟು ಅಗಲ. ಅದಕ್ಕೂ ಮೂರು ಕ್ರಾಸ್ ಹಾಕಿದರೆ ಕಡ್ಡಿ ರಿಮ್ಮಿಗೆ ಓರೆಯಾಗಿ ಬಂದು, ನಿಪ್ಪಲ್ಲಿನ ಬಾಯಲ್ಲಿ ಸೊಟ್ಟಗೆ ನಿಲ್ಲುತ್ತದೆ. ಬೆರಳಾಡಿಸಿದರೆ ಆ ಬಾಗು ಸಿಗುತ್ತದೆ. 36 ತೂತಿನ ಮೋಟರ್ ಹಬ್ಬಿಗೆ ಒಂದೇ ಕ್ರಾಸ್ ಹಾಕಿಸಿ.

ದಪ್ಪ ಕಡ್ಡಿ ಹಾಕಿದರೆ ಗಟ್ಟಿ ಎಂಬ ನಂಬಿಕೆ ಬಿಡಿ. 250 ವ್ಯಾಟ್ ಮೋಟರಿಗೆ 14 ಗೇಜ್, ಅಂದರೆ 2 ಮಿ.ಮೀ. ಸಾಕು, ಭಾರ ಹೊರುವುದಾದರೆ 13 ಗೇಜ್, 2.3 ಮಿ.ಮೀ. 12 ಗೇಜ್ ಕಡ್ಡಿ ಹಿಗ್ಗುವುದೇ ಕಡಿಮೆ, ಸಾಧಾರಣ ರಿಮ್ ತಡೆಯುವಷ್ಟು ಬಿಗಿಯಲ್ಲಿ ಬೇಗ ಸಡಿಲವಾಗುತ್ತದೆ. ಹಬ್ಬಿನ ತೂತು ದೊಡ್ಡದಿದ್ದು ಕಡ್ಡಿಯ ತಲೆ ಆಡುತ್ತಿದ್ದರೆ ತಲೆಯ ಕೆಳಗೆ ಸಣ್ಣ ಹಿತ್ತಾಳೆ ವಾಷರ್ ಹಾಕಿಸಿ.

ಉದ್ದ ನೀವೇ ಅಳೆದುಕೊಂಡು ಹೋಗಿ. ಹಳೇ ಕಟ್ಟು ಸರಿಯಿದ್ದರೆ ಒಂದು ಕಡ್ಡಿ ಬಿಚ್ಚಿ, ಬಾಗಿನ ಒಳಗಿನಿಂದ ಥ್ರೆಡ್ ತುದಿಯವರೆಗೆ ಅಳತೆ ತೆಗೆಯಿರಿ. ಕಟ್ಟು ಬದಲಾದರೆ ಉದ್ದವೂ ಬದಲಾಗುತ್ತದೆ. ನಿಪ್ಪಲ್ ತಲೆಯಿಂದ ಎದುರಿನ ನಿಪ್ಪಲ್ ತಲೆಗೆ 540 ಮಿ.ಮೀ., ಹಬ್ಬಿನ ತೂತುಗಳ ವೃತ್ತದ ವ್ಯಾಸ 150, ಚಕ್ರದ ನಡುಗೆರೆಯಿಂದ ಪಕ್ಕಕ್ಕೆ ಹಬ್ಬಿನ ತೂತಿರುವ ಅಂಚಿಗೆ 25 ಇದ್ದರೆ, ಒಂದು ಕ್ರಾಸಿಗೆ ಸುಮಾರು 201 ಮಿ.ಮೀ. ಬೇಕು. ಉದ್ದವಾದರೆ ತುದಿ ಹೊರಬಂದು ಟ್ಯೂಬಿಗೆ ಚುಚ್ಚುತ್ತದೆ. ಇಷ್ಟು ಗಿಡ್ಡ ಕಡ್ಡಿ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಕತ್ತರಿಸಿ ಕೊಡುವುದಾದರೆ ಥ್ರೆಡ್ ಒತ್ತಿ ಮೂಡಿಸುವ ಮಿಷಿನ್ ಇದೆಯಾ ಎಂದು ಕೇಳಿ, ಡೈಯಲ್ಲಿ ಕೊರೆದ ಥ್ರೆಡ್ ಬೇಗ ಮುರಿಯುತ್ತದೆ.

"ಮೋಟ್ರು ಗಾಡಿ, ನಮ್ಮತ್ರ ಆಗಲ್ಲ" ಎನ್ನುವ ಸೈಕಲ್ ಶಾಪಿನವರ ಹೆದರಿಕೆ ವೈರಿನದು. ಅದಕ್ಕೇ ಮನೆಯಲ್ಲೇ ಚಕ್ರ ಕಳಚಿ (ಕನೆಕ್ಟರ್ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ, ವಾಷರ್‌ಗಳ ಕ್ರಮದ ಫೋಟೊ ತೆಗೆದಿಟ್ಟುಕೊಳ್ಳಿ), ಟೈರ್ ತೆಗೆದು ಒಯ್ಯಿರಿ. "ಅಣ್ಣಾ, ಮೋಟ್ರು ಬಿಚ್ಚೋದು ಬ್ಯಾಡ, ಕಡ್ಡಿ ಕಟ್ಕೊಟ್ರೆ ಸಾಕು" ಎಂದರೆ ಕೆಲಸ ಸಲೀಸು. ದೊಡ್ಡ ಮೋಟರ್ ಹಾಕಿಸಿ ಎಂದರೆ ಒಪ್ಪಬೇಡಿ. 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿ ದಾಟಿದರೆ ನೋಂದಣಿ, ಲೈಸೆನ್ಸ್ ಎಲ್ಲ ಬೇಕಾಗುತ್ತದೆ.

ಬಿಗಿ ಮಾಡುವಾಗ ನಿಪ್ಪಲ್‌ಗೆ ತೊಟ್ಟು ಎಣ್ಣೆ ಬಿಟ್ಟು, ಮೊದಲು ಅರ್ಧ ಸುತ್ತು, ಕೊನೆಗೆ ಕಾಲು ಸುತ್ತು ತಿರುಗಿಸಬೇಕು. ರಿಮ್ಮಿನ ಬೆಂಡ್ (ಸುತ್ತುವಾಗಿನ ಓಲಾಟ) 1 ಮಿ.ಮೀ. ಒಳಗೆ ಬಂದ ಮೇಲೆ ಒಂದೇ ಬದಿಯ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಬಲವಾಗಿ ಹಿಂಡಿ. ಟಿಕ್ ಎಂದು ಸದ್ದು ಬಂದರೆ ತಿರುಚಿಕೊಂಡಿದ್ದ ಕಡ್ಡಿ ಕೂರುತ್ತಿದೆ ಎಂದರ್ಥ. ಮತ್ತೆ ಬೆಂಡ್ ನೋಡಿ. 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಲೇಬೇಕು, ಅದು ಕೂಲಿಯಲ್ಲೇ ಸೇರಿದೆಯಾ ಎಂದು ಮೊದಲೇ ಮಾತಾಡಿಕೊಳ್ಳಿ.

ಚಕ್ರ ಮರಳಿ ಕೂರಿಸುವಾಗ ಕೊಕ್ಕೆ ವಾಷರ್ ಬಿಟ್ಟುಹೋದರೆ ಆ್ಯಕ್ಸಲ್ ತಿರುಗಿ ವೈರ್ ಕತ್ತರಿಸುತ್ತದೆ. ವೈರನ್ನು ಆ್ಯಕ್ಸಲ್‌ಗಿಂತ ಕೆಳಗೆ ಒಂದು ಸುತ್ತು ಇಳಿಬಿಟ್ಟು ಕಟ್ಟಿ, ಮಳೆನೀರು ಮೋಟರ್ ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.