ಬಾಗಿಲ ಹೊರಗೆ ಕೂರಿಸುವ ಥೆರಪಿಸ್ಟ್ ಬೇಡ

ಮಗುವಿಗೆ ಎರಡು ವರ್ಷ ತುಂಬಿದೆ, ‘ಅಮ್ಮಾ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸುತ್ತಿಲ್ಲ. ಅಥವಾ ನಾಲ್ಕಾಗಿದೆ, ಆಡಿದ ಮಾತು ಮನೆಯವರಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯುತ್ತಿಲ್ಲ. ಇಂಥ ಮಗುವನ್ನು ಸ್ಪೀಚ್ ಥೆರಪಿಗೆ ಕರೆದೊಯ್ಯಬೇಕು ಎಂಬುದು ಈಗ ಬಹಳ ಜನಕ್ಕೆ ಗೊತ್ತು. ಎಡವುವುದು ಯಾರ ಹತ್ತಿರ ಎಂಬಲ್ಲಿ. ಮನೆಗೆ ಹತ್ತಿರ, ಗೋಡೆ ತುಂಬ ಕಾರ್ಟೂನ್ ಚಿತ್ರ, ಪಕ್ಕದ ಮನೆಯವರೂ ಅಲ್ಲೇ ಹೋಗುತ್ತಾರೆ ಎಂದು ಸೇರಿಸಿಬಿಡುತ್ತೇವೆ.

ನಾವೂ ಹಾಗೆ ಸೇರಿಸಿದವರೇ. ನನ್ನ ತಮ್ಮನ ಮಗನಿಗೆ ಆಗ ಮೂರು ವರ್ಷ. 40 ಸೆಷನ್ನಿನ ಹಣ ಒಟ್ಟಿಗೇ ಕಟ್ಟಿ, ಐದು ತಿಂಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಚ್ಚಿದ ಬಾಗಿಲು ನೋಡುತ್ತ ಕೂತೆವು. ಒಳಗಿನಿಂದ ‘ಆ್ಯಪಲ್, ಸೇ ಆ್ಯಪಲ್’ ಎಂಬ ದನಿ ಬರುತ್ತಿತ್ತು. ನಮ್ಮ ಹುಡುಗ ಸೇಬು ಮುಟ್ಟುವವನೇ ಅಲ್ಲ. ಕೊನೆಗೆ ಕಾರ್ಡ್ ತೋರಿಸಿದರೆ ಹದಿನೆಂಟು ಇಂಗ್ಲಿಷ್ ಹೆಸರು ಹೇಳುವಂತಾದ. ನೀರು ಬೇಕಾದಾಗ ಮಾತ್ರ ಮೊದಲಿನ ಹಾಗೇ ಅಮ್ಮನ ಕೈ ಹಿಡಿದು ಬಿಂದಿಗೆ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ.

ಒಂದು: ಮೊದಲು ಕಿವಿ

ಥೆರಪಿಸ್ಟ್ ಹುಡುಕುವ ಮುಂಚೆ ಆಡಿಯಾಲಜಿಸ್ಟ್ ಹತ್ತಿರ ಶ್ರವಣ ಪರೀಕ್ಷೆ ಮಾಡಿಸಿ. ‘ಬಾಗಿಲು ಬಡಿದರೆ ತಿರುಗುತ್ತಾನೆ, ಟಿವಿ ಜಾಹೀರಾತಿಗೆ ಓಡಿ ಬರುತ್ತಾನೆ’ ಎಂದು ಬಿಡಬೇಡಿ. ನೆಗಡಿ ಮೇಲೆ ನೆಗಡಿಯಾಗಿ ಕಿವಿಯೊಳಗೆ ನೀರು ಕಟ್ಟಿದ ಮಗುವಿಗೂ ದೊಡ್ಡ ಸದ್ದು ಕೇಳಿಸುತ್ತದೆ. ಮಾತಿನ ತೆಳುವಾದ ಸದ್ದುಗಳು ಜಾರಿಹೋಗುತ್ತವೆ. ಪುಟ್ಟ ಮಕ್ಕಳು ಮಲಗಿರುವಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ‘ಬೆರಾ’ ಎಂಬ ಶ್ರವಣ ಪರೀಕ್ಷೆ ಮಾಡುತ್ತಾರೆ. ಆ ದಿನ ಬೇಗ ಎಬ್ಬಿಸಿ, ಬಸ್ಸಿನಲ್ಲಿ ನಿದ್ದೆಗೆ ಬಿಡದೆ ಕರೆದೊಯ್ಯಿರಿ. ಇಲ್ಲದಿದ್ದರೆ ಅಲ್ಲಿ ಕಣ್ಣರಳಿಸಿಕೊಂಡು ಕೂರುತ್ತದೆ, ನಿಮ್ಮ ದಿನ ಹಾಳು. ಶ್ರವಣದ ವರದಿ ಎಲ್ಲಿ ಎಂದು ಕೇಳದೆ ಥೆರಪಿ ಶುರು ಮಾಡುವವರ ಹತ್ತಿರ ಎರಡನೇ ದಿನ ಹೋಗಬೇಡಿ.

ಎರಡು: ಎಲ್ಲಿ ಹುಡುಕುವುದು

ನನ್ನ ಮಟ್ಟಿಗೆ ಮೊದಲ ಪರೀಕ್ಷೆಗೆ ಮೈಸೂರೇ ಸರಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ‘ಆಯಿಷ್’, 1965ರಿಂದ ಇದೆ. ಕೇಂದ್ರ ಆರೋಗ್ಯ ಸಚಿವಾಲಯದ್ದು. ಕಿವಿ, ಮಾತು, ಬುದ್ಧಿ ಬೆಳವಣಿಗೆ ಎಲ್ಲವನ್ನೂ ಒಂದೇ ಆವರಣದಲ್ಲಿ ನೋಡುತ್ತಾರೆ. ಇಡೀ ದಿನ ಹೋಗುತ್ತದೆ, ಬುತ್ತಿ ಕಟ್ಟಿಕೊಳ್ಳಿ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ವಾಕ್ ಶ್ರವಣ ವಿಭಾಗವಿದೆ. ಮಂಗಳೂರು, ಮಣಿಪಾಲ, ಧಾರವಾಡಗಳಲ್ಲಿ ಈ ವಿಷಯ ಕಲಿಸುವ ಕಾಲೇಜುಗಳೇ ಇವೆ. ಅಲ್ಲಿ ‘ಸ್ಟೂಡೆಂಟ್ಸ್ ಕೈಗೆ ಕೊಡ್ತಾರೆ’ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಹುಡುಗಿಯರ ಮೇಲೆ ನಂಬಿಕೆ ಹೆಚ್ಚು. ಮಾಡುವುದನ್ನೆಲ್ಲ ಬರೆದು ಮೇಲಿನವರಿಗೆ ತೋರಿಸಲೇಬೇಕು, ಕಳ್ಳಾಟ ನಡೆಯುವುದಿಲ್ಲ. ಕಷ್ಟ ಒಂದೇ, ವರ್ಷ ಕಳೆಯುತ್ತಲೇ ಬೇರೆಯವರು ಬರುತ್ತಾರೆ.

ಅಷ್ಟು ದೂರ ಆಗದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ‘ಡಿಇಐಸಿ’ ಎಲ್ಲಿ ಎಂದು ಕೇಳಿ. ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆಂದೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇರುವ ಕೇಂದ್ರ ಅದು, ಹಣ ಕೊಡಬೇಕಿಲ್ಲ. ಥೆರಪಿಸ್ಟ್ ಹುದ್ದೆ ಭರ್ತಿಯಾಗಿದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಂಡು ಹೊರಡಿ.

ಮೂರು: ನಂಬರ್ ಕೇಳಿ

ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರಬೇಕು. ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ಓದು ನಾಲ್ಕು ವರ್ಷದ ಬಿಎಎಸ್‌ಎಲ್‌ಪಿ, ಅಂದರೆ ವಾಕ್ ಶ್ರವಣದ ಪದವಿ. ಕೆಲವರು ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನೂ ಮಾಡಿರುತ್ತಾರೆ. ಒಂದು ವರ್ಷದ ಡಿಪ್ಲೊಮಾ ಮಾಡಿದವರು ಸಹಾಯಕರು, ಮೇಲೆ ಒಬ್ಬರಿರಬೇಕು. ನಂಬರ್ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ನಾಲ್ಕು: ಮೊದಲ ಎರಡು ಭೇಟಿಯಲ್ಲಿ ಏನು ನೋಡಬೇಕು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿ. ಪದವಿ ಸರಿಯಿದೆ, ಮೇಡಂ ನಗುನಗುತ್ತ ಮಾತಾಡಿಸಿದರು, ಮುಗಿಯಿತು ಎಂದುಕೊಳ್ಳುತ್ತೇವೆ. ಕೆಲಸ ಶುರುವಾಗುವುದೇ ಈಗ.

ಮೊದಲನೆಯದಾಗಿ, ನಿಮ್ಮನ್ನು ಒಳಗೆ ಕೂರಿಸುತ್ತಾರೋ ಇಲ್ಲವೋ ನೋಡಿ. ವಾರಕ್ಕೆ 168 ಗಂಟೆ. 45 ನಿಮಿಷದ ಎರಡು ಸೆಷನ್ ಎಂದರೆ ಒಂದೂವರೆ ಗಂಟೆ. ಉಳಿದ ಹೊತ್ತೆಲ್ಲ ಮಗು ನಿಮ್ಮ ಜೊತೆ. ನಿಮಗೆ ಕಲಿಸದೆ ಮಗುವಿಗೆ ಮಾತ್ರ ಕಲಿಸಲು ಹೊರಟವರು ತೂತು ಬಿಂದಿಗೆಗೆ ನೀರು ಹೊಯ್ಯುತ್ತಿದ್ದಾರೆ. ‘ಅಮ್ಮ ಇದ್ದರೆ ಹಟ ಮಾಡುತ್ತೆ’ ಎನ್ನುತ್ತಾರೆ. ಒಂದೆರಡು ದಿನಕ್ಕೆ ಒಪ್ಪೋಣ, ಐದು ತಿಂಗಳಿಗೆ ಅಲ್ಲ.

ಎರಡನೆಯ ಥೆರಪಿಸ್ಟ್ ಹತ್ತಿರ ನಾನೂ ಹೋಗಿದ್ದೆ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ ಬರುವುದು. ಮೊದಲ ದಿನ ಅವರು ಕಾರ್ಡು ತೆಗೆಯಲಿಲ್ಲ. ‘ಇವನಿಗೆ ಏನಂದ್ರೆ ಪ್ರಾಣ?’ ಎಂದು ಕೇಳಿದರು. ಕೋಡುಬಳೆ ಎಂದೆವು. ‘ಮುಂದಿನ ಸಲ ತನ್ನಿ, ಮುಚ್ಚಳ ಬಿಗಿ ಇರೋ ಡಬ್ಬೀಲಿ’ ಎಂದರು.

ಮುಂದಿನ ಸಲ ಎಲ್ಲರೂ ಚಾಪೆಯ ಮೇಲೆ ಕೂತೆವು. ಹುಡುಗ ಡಬ್ಬಿ ತಿರುವಿದ, ಕಚ್ಚಿದ, ಬರಲಿಲ್ಲ. ಮೇಡಂ ಕೈಗೆ ತುರುಕಿದ. ಅವರು ಮುಚ್ಚಳದ ಮೇಲೆ ಕೈ ಇಟ್ಟು ಅವನ ಮುಖ ನೋಡುತ್ತ ಸುಮ್ಮನೆ ಕೂತರು. ಅವನ ಅಮ್ಮನಿಗೆ ತಡೆಯಲಾಗಲಿಲ್ಲ, ‘ತೆಗಿ ಅನ್ನು ಕಂದಾ, ಹೇಳು’ ಎಂದಳು. ಮೇಡಂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಗೋಡೆ ಗಡಿಯಾರದ ಮುಳ್ಳು ನೋಡುತ್ತಿದ್ದೆ, ಹನ್ನೊಂದು ಸೆಕೆಂಡು. ಹುಡುಗ ಮುಚ್ಚಳ ತಟ್ಟಿ ‘ತೆ’ ಎಂದ. ‘ತೆಗಿ!’ ಎನ್ನುತ್ತಲೇ ಅವರು ಮುಚ್ಚಳ ತೆಗೆದು ಒಂದು ಚೂರು ಕೊಟ್ಟು ಮತ್ತೆ ಬಿಗಿ ಮಾಡಿದರು. ಹೀಗೆ ಅರ್ಧ ಗಂಟೆ. ಕೊನೆಕೊನೆಗೆ ‘ತೆಗಿ’ ಎಂದು ಪೂರ್ತಿಯಾಗೇ ಬಂತು. ಆಮೇಲೆ ಡಬ್ಬಿಯನ್ನು ಅಮ್ಮನ ಕೈಗಿಟ್ಟು ‘ಈಗ ನೀವು ಮಾಡಿ’ ಎಂದರು. ಆಕೆ ಎರಡು ಸಲ ಮಾಡಿದ ಮೇಲೆ, ‘ನೀವು ಕೇಳ್ತಾ ಇದೀರಿ, ಕಾಯ್ತಾ ಇಲ್ಲ’ ಎಂದು ತಿದ್ದಿದರು.

ನೀವು ನೋಡಬೇಕಾದ್ದು ಇಷ್ಟನ್ನೇ. ಮಗುವಿಗೆ ಬೇಕಾದ ವಸ್ತು ಹಿಡಿದು ಮಾತು ಹುಟ್ಟಿಸುತ್ತಾರೋ, ‘ಇದೇನು, ಅದೇನು’ ಎಂದು ಪರೀಕ್ಷೆ ಮಾಡುತ್ತಾರೋ? ಕಾಯುತ್ತಾರೋ, ತಾವೇ ಬಡಬಡಿಸುತ್ತಾರೋ? ಅರ್ಧ ಬಂದ ಮಾತನ್ನು ಒಪ್ಪಿಕೊಂಡು ಪೂರ್ತಿ ಮಾಡಿ ಕೊಡುತ್ತಾರೋ, ‘ತಪ್ಪು, ಇನ್ನೊಂದ್ಸಲ’ ಎನ್ನುತ್ತಾರೋ?

ಇನ್ನು ಭಾಷೆ. ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಆಡಿ, ಮಗುವಿಗೆ ಗೊಂದಲವಾಗಿದೆ’ ಎಂದು ಹೇಳುವವರು ಈಗಲೂ ಇದ್ದಾರೆ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಇಂಗ್ಲಿಷ್ ಬಾರದ ಅಜ್ಜಿ ಬಾಯಿ ಮುಚ್ಚಿದರೆ ಮಗು ಮಾತು ಕೇಳುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೇ. ಕನ್ನಡದ ಕೆಲಸ ಪದದ ಬಾಲದಲ್ಲಿದೆ: ಮನೆಗೆ, ಮನೇಲಿ, ಮನೆಯಿಂದ, ಬಂದ, ಬಂದಳು, ಬಂತು. ‘ಅಜ್ಜಿ ಊರು ಹೋಗು’ ಎನ್ನುವ ಮಗು ಕಲಿಯಬೇಕಾದ್ದು ‘ಊರಿಗೆ ಹೋದಳು’ ಎಂಬುದನ್ನು. ಆ್ಯಪಲ್ ಕಾರ್ಡು ಅದನ್ನು ಕಲಿಸುವುದಿಲ್ಲ. ಆದ್ದರಿಂದ ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಿದಿರಿ ಎಂದು ಕೇಳಿ. ಕನ್ನಡದ ಉಚ್ಚಾರ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಗಿದೆ, ಇಲ್ಲ ಎನ್ನುವಂತಿಲ್ಲ. ಮನೆಮಾತು ತುಳು, ಉರ್ದು, ಕೊಂಕಣಿ ಇದ್ದು ಥೆರಪಿಸ್ಟ್‌ಗೆ ಬಾರದಿದ್ದರೆ ತೊಂದರೆಯಿಲ್ಲ, ಪದಗಳನ್ನು ನಿಮ್ಮಿಂದ ಕೇಳಿ ಬರೆದುಕೊಳ್ಳುವವರಾದರೆ ಸಾಕು.

ಕೊನೆಗೆ ಗುರಿ ಕೇಳಿ, ಬರೆದುಕೊಡಲಿ. ‘ಮಾತು ಬರುತ್ತೆ, ಟೆನ್ಶನ್ ಬೇಡ’ ಎಂಬುದು ಗುರಿಯಲ್ಲ. ‘ಮೂರು ತಿಂಗಳಲ್ಲಿ ಕೈ ಹಿಡಿದು ಎಳೆಯುವ ಬದಲು ಹೆಸರು ಹೇಳಿ ಕೇಳಬೇಕು’ ಎಂಬುದು ಗುರಿ. ಮೂರು ವರ್ಷದ, ಎರಡು ಪದ ಜೋಡಿಸದ ಮಗುವಿಗೆ ‘ರ’ ತಿದ್ದಲು ಕೂತರೆ ಬೇಡವೇ ಬೇಡ. ‘ರ’ ಎಲ್ಲ ಮಕ್ಕಳಿಗೂ ತಡವಾಗಿಯೇ ಬರುವುದು. ನಮ್ಮವನು ‘ನೀಲು’ ಎಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು.

ಅಡ್ಡದಾರಿಗಳು

ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದರಿಂದ ಮಾತು ಬಂದದ್ದನ್ನು ನಾನು ಕಂಡಿಲ್ಲ. ನಮ್ಮಮ್ಮ ಹಚ್ಚಿ ನೋಡಿಯಾಗಿತ್ತು. ನಾಲಿಗೆಯಡಿಯ ದಾರ ಕತ್ತರಿಸಿದರೆ ಸರಿಹೋಗುತ್ತದೆ ಎನ್ನುವವರು, ಪದಗಳೇ ಇಲ್ಲದ ಮಗುವಿಗೆ ಅದರಿಂದ ಪದ ಹೇಗೆ ಬರುತ್ತದೆಂದು ಹೇಳಲಿ. ಪೀಪಿ ಊದಿಸುವುದು, ಮೇಣದಬತ್ತಿ ಆರಿಸುವುದು, ಕೆನ್ನೆಗೆ ವೈಬ್ರೇಟರ್ ಒತ್ತುವುದರಲ್ಲೇ ಸೆಷನ್ ಕಳೆಯುವವರಿಗೆ ದುಡ್ಡು ಕೊಡಬೇಡಿ. ಊದುವುದನ್ನು ಕಲಿತ ಮಗು ಊದುತ್ತದೆ, ಅಷ್ಟೇ. ಕಾರ್ಡು ತೂರಿಸಿದರೆ ಕೂಗುವ ಆಟಿಕೆಯಂತೂ ಮನೆಗೆ ಬೇಡ. ಮಗು ಉತ್ತರಿಸಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಮ್ಮ ಮನೆಯದು ಈಗ ಅಟ್ಟದ ಮೇಲಿದೆ, ಬ್ಯಾಟರಿ ತೆಗೆದು.

ಇನ್ನು ‘ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು’ ಎಂಬ ಮಾತು. ಇರಬಹುದು. ತೋರಿಸಿಕೊಂಡು ಬಂದು ಆಮೇಲೆ ಕಾಯಿರಿ.

ಐದು: ಹಣ ಮತ್ತು ಫೈಲು

ಪ್ಯಾಕೇಜು ಕಟ್ಟಬೇಡಿ, ತಿಂಗಳ ಲೆಕ್ಕದಲ್ಲಿ ಕೊಡಿ. ‘ಆರು ತಿಂಗಳಲ್ಲಿ ನಾರ್ಮಲ್ ಮಾಡಿಕೊಡ್ತೀವಿ’ ಎಂದವರಿಗೆ ಅದನ್ನೂ ಕೊಡಬೇಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಅಥವಾ ಬಹುವಿಧ ಅಂಗವೈಕಲ್ಯವಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗಿನ ರಕ್ಷಣೆಯಿದೆ, ಥೆರಪಿಗೂ ಅದರಲ್ಲಿ ಪಾಲು ಸಿಗುತ್ತದೆ. ಮಾತಿನ ತೊಂದರೆಯೊಂದೇ ಇದ್ದರೆ ಸಿಗದು.

ಮೂರು ತಿಂಗಳಾದ ಮೇಲೆ ಬರೆದುಕೊಟ್ಟ ಗುರಿಯ ಚೀಟಿ ಮುಂದಿಟ್ಟು ಕೂತು ಮಾತಾಡಿ. ಗುರಿ ಬದಲಿಸಿದರೆ ಸರಿ. ‘ಇವನಿಗೆ ಗಮನ ಕಡಿಮೆ’ ಎಂದು ದೂರಷ್ಟೇ ಬಂದರೆ ಬೇರೆ ಕಡೆ ನೋಡಿ. ಹೊರಡುವಾಗ ಕೆಲವರು ಫೈಲು ಕೊಡಲು ಸತಾಯಿಸುತ್ತಾರೆ. ಆಗ ಹೊಸಬರು ಪರೀಕ್ಷೆಯನ್ನೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ, ಹಣವೂ ಮತ್ತೊಮ್ಮೆ. ಮೊದಲ ದಿನವೇ ಪ್ರತಿ ವರದಿಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಹಿಂಬದಿ ಪುಟದ ಕೈಬರಹವನ್ನೂ ಸೇರಿಸಿ.